ಅಪ್ಪನ ಬಲಗೈ ಸಹಿ

ಸಿಯೆನಾ, ಮಾರ್ಚ್ ೧೫೧೯

ಪೂಜ್ಯ ಅನ್ಸಾಲ್ದೊ ಚಿಕ್ಕಪ್ಪನವರಿಗೆ ಫಿಯಮ್ಮೆತ್ತ ಮಾಡುವ ನಮಸ್ಕಾರಗಳು.

ಅಪ್ಪ ತೀರಿಹೋದ ಸುದ್ದಿ ನಿಮ್ಮ ಲುಕ್ಕಾ ಊರಿಗೂ ಮುಟ್ಟಿರಬೇಕು. ಅವರು ಚಿತ್ರ ಬರೆದ ಚರ್ಚುಗಳಲ್ಲೆಲ್ಲ ಗಂಟೆ ಬಾರಿಸಿದರು. ಜ್ವರದಿಂದ ಹೋದರೆಂದು ಶಿಷ್ಯ ತೆಬಾಲ್ದೊ ಹೇಳುತ್ತಿದ್ದಾನೆ. ಕೊನೆಯ ಮೂರು ದಿನ ಅವನು ನನ್ನನ್ನು ಒಳಗೆ ಬಿಡಲಿಲ್ಲ. "ನಿಂಗೂ ಅಂಟ್ಕೊಳ್ಳತ್ತೆ, ಹೊರಗೇ ಇರು," ಎಂದು ಬಾರ್ಲಿ ಗಂಜಿಯನ್ನು ತಾನೇ ಕುಡಿಸಿದ.

"ಅಂಟೋ ಜ್ವರ ಆದ್ರೆ ಪಕ್ಕದಲ್ಲೇ ಇದ್ದ ಅವನಿಗೆ ಯಾಕವ್ವಾ ಅಂಟಲಿಲ್ಲ?" ಎಂದಳು ಅಡುಗೆಯ ನೆಂಚಾ. ಗಂಜಿಯ ಬಟ್ಟಲು ತೊಳೆಯುವಾಗ ತಳದಲ್ಲಿ ಚಿತ್ರಕ್ಕೆ ಬಳಸುವ ಹಳದಿ ಪುಡಿ ಇತ್ತಂತೆ; ಅದು ವಿಷವೆಂದು ಅಪ್ಪ ನನ್ನನ್ನು ಮುಟ್ಟಗೊಡುತ್ತಿರಲಿಲ್ಲ.

ಚಿತ್ರಶಾಲೆಯನ್ನೂ ನನ್ನನ್ನೂ ಅಪ್ಪ ತನಗೇ ಒಪ್ಪಿಸಿದ್ದಾರೆಂದು ತೆಬಾಲ್ದೊ ಈಗ ಕಳೆದ ತಿಂಗಳ ತಾರೀಖಿನ ಒಂದು ಕಾಗದ ತೋರಿಸುತ್ತಿದ್ದಾನೆ. ಸಹಿ ಮುದ್ದಾಗಿದೆ, ಅಪ್ಪನ ಹಳೆಯ ಬಲಗೈ ಸಹಿಯಂತೆಯೇ. ಆದರೆ ಕ್ರಿಸ್‌ಮಸ್‌ನಿಂದ ಅಪ್ಪನ ಬಲಗೈ ಚಮಚವನ್ನೂ ಹಿಡಿಯುತ್ತಿರಲಿಲ್ಲ. ಊರಿಗೆ ತಿಳಿಯದಂತೆ ಮುಚ್ಚಿಟ್ಟಿದ್ದೆವು; ಅದೇ ಈಗ ಅವನಿಗೆ ಅನುಕೂಲವಾಗಿದೆ. ಕ್ರಿಸ್‌ಮಸ್ ಆದಮೇಲೆ ಅಪ್ಪ ಎಡಗೈಯಲ್ಲಿ ನಿಮಗೆ ಬರೆದ ಪತ್ರಗಳನ್ನು ದಯವಿಟ್ಟು ತನ್ನಿ, ನ್ಯಾಯಾಧೀಶರಿಗೆ ತೋರಿಸೋಣ. ನಮ್ಮ ಮನೆಯಲ್ಲಿ ಮಾತ್ರ ಏನೂ ತಿನ್ನಬೇಡಿ.

"ಚಿಕ್ಕಪ್ಪನಿಗೆ ಬರೀತಿದ್ದೀಯಾ? ಕೊಡು, ನಾನೇ ಕಳಿಸ್ತೀನಿ," ಎಂದ ತೆಬಾಲ್ದೊ ಇವತ್ತು ಬೆಳಿಗ್ಗೆ. ಅವನ ಜೊತೆ ಮದುವೆಗೆ ಸಂತೋಷದಿಂದ ಒಪ್ಪಿದ್ದೇನೆಂದು ಬೇರೆ ಪತ್ರ ಬರೆದು ಅವನ ಕೈಗೆ ಕೊಟ್ಟೆ. ಇದನ್ನು ನೆಂಚಾ ತರುತ್ತಾಳೆ. ಆ ಪತ್ರ ಮೊದಲು ತಲುಪಿದ್ದರೆ, ಅದನ್ನು ನಂಬಿ ಆಶೀರ್ವಾದ ಕಳಿಸಬೇಡಿ. ಮದುವೆ ಬರುವ ಭಾನುವಾರ. ಅಷ್ಟರೊಳಗೆ ನೀವೇ ಬನ್ನಿ.

ನಿಮ್ಮ ಅಣ್ಣನ ಮಗಳು,
ಫಿಯಮ್ಮೆತ್ತ