ಉಪ್ಪು ಹಾಕದ ಸಾಸ್

ನವೆಂಬರ್ ೯, ಭಾನುವಾರ

ಅಪ್ಪನಿಗೆ ನಿಜ ಹೇಳಲಾಗಲಿಲ್ಲ.

ಇಪ್ಪತ್ತು ವರ್ಷ ಹೋಟೆಲಿನ ಕೆಂಡದ ಮುಂದೆ ನಿಂತು ಮಾಂಸ ಸುಟ್ಟವರು. ಎಂಟು ತಿಂಗಳ ಹಿಂದೆ ಒಂದು ಜ್ವರ ಅವರ ಬಾಯಿರುಚಿಯನ್ನು ಹೊತ್ತೊಯ್ದಿತು. ಮಾತಿನ ರುಚಿಯನ್ನು ಮಾತ್ರ ಬಿಟ್ಟುಹೋಯಿತು. ನಿನ್ನೆಯಿಂದ ಒಂದೇ ರಾಗ: "ನಾಲಿಗೆ ವಾಪಸ್ ಬಂತು ಕಣೋ, ಸೋಮವಾರ ಕೆಲಸಕ್ಕೆ ಹೋಗ್ತೀನಿ."

ಹೋಟೆಲ್ ಮಾಲೀಕರಿಗೆ ತೋರಿಸಲು ಇವತ್ತು ಅಪ್ಪನದೇ ಬಾರ್ಬೆಕ್ಯೂ ಸಾಸ್, ಸುಟ್ಟ ಮಾಂಸಕ್ಕೆ ಸವರುವಂಥದ್ದು. ಅವರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಟೊಮೆಟೊ, ಸಕ್ಕರೆ, ವಿನೆಗರ್, ಮೆಣಸಿನ ಪುಡಿ ಎಲ್ಲ ಹಾಕಿ ಕುದಿಸಿದೆ.

"ತಿರುವ್ತಾ ಇರೋ! ಅರ್ಧಕ್ಕೇ ಬಿಡೋಕೆ ಇದೇನು ನಿನ್ನ ಮದುವೆ ಮಾತುಕತೆನಾ?"

ನಗುವ ಭರದಲ್ಲಿ ಉಪ್ಪು ಹಾಕುವುದನ್ನೇ ಮರೆತೆ.

ಅಪ್ಪ ಚಮಚ ನೆಕ್ಕಿ ಕಣ್ಣು ಮುಚ್ಚಿದರು. "ಎಲ್ಲಾ ಸರಿ. ಉಪ್ಪು ಮಾತ್ರ ಒಂದು ಚಿಟಿಕೆ ಮುಂದಾಯ್ತು."

"ಹೌದಪ್ಪಾ, ಕೈ ಜಾರಿತು" ಎಂದೆ. ಉಪ್ಪಿನ ಡಬ್ಬಿ ಇನ್ನೂ ಕಪಾಟಿನಲ್ಲೇ ಇತ್ತು.

ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರೆ. ನಮ್ಮಪ್ಪನಿಗೆ ಉಪ್ಪಿಲ್ಲದೆಯೂ ಉಪ್ಪು ಜಾಸ್ತಿ! ಈ ಜೋಕಿಗೆ ನನಗೇ ನಗು ಬರುತ್ತಿಲ್ಲ.

ಅವರು ಮಲಗಿದ ಮೇಲೆ ಉಪ್ಪು ಬೆರೆಸಿ ಮತ್ತೆ ಕುದಿಸಿದೆ. ಈಗ ಥೇಟ್ ಅಪ್ಪನ ಕೈರುಚಿ. ಅವರು ತೊಳೆದಿಟ್ಟ ಬಾಟಲಿಗೆ ತುಂಬಿದೆ. ನಾಳೆ ಮಾಲೀಕರು ನೆಕ್ಕಿ ನೋಡಿ, ಅಪ್ಪನನ್ನು ಒಲೆಯ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಅವರ ಬೆನ್ನ ಹಿಂದೆ ಉಪ್ಪು ಹಿಡಿದುಕೊಂಡು ನಾನು ಎಷ್ಟು ದಿನ ನಿಲ್ಲಲಿ?