ಮುಚ್ಚಬಾರದ ತೂತು

ಪಂಪು ರಿಪೇರಿ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಫೆಬ್ರವರಿ ೧೯

ಪ್ರೀತಿಯ ಅಳಿಯ ಮೊಂಡನಿಗೆ,

ಆರೋಗ್ಯವೇ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಇಳಿದವೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಾನು ಹೇಗೋ ಇದ್ದೇನೆ. ಮಂಡಿ ಎರಡೂ ಮುಷ್ಕರ ಹೂಡಿವೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಸೊಂಟ ತುಕ್ಕು ಹಿಡಿದ ಬೋಲ್ಟಿನ ಹಾಗಾಗಿದೆ. ಆದರೂ ಬರೀ ಸದ್ದು ಕೇಳಿ ಪಂಪಿನ ರೋಗ ಹೇಳುವವನು ಈ ಪೇಟೆಯಲ್ಲಿ ಇವತ್ತಿಗೂ ನಿನ್ನ ಸೋದರಮಾವನೊಬ್ಬನೇ, ಅದರಲ್ಲಿ ಸಂಶಯ ಬೇಡ.

ಫೋನು ಸಿಕ್ಕಿದ ಆ ಎರಡು ನಿಮಿಷದಲ್ಲಿ ನಿನ್ನ ಹೆಂಡತಿ "ಎಲ್ಲಾ ಚೆನ್ನಾಗಿದೆ" ಅಂದಳಂತೆ. ಅದು ಅರ್ಧ ನಿಜ. ಅವಳು ಚೆನ್ನಾಗಿದ್ದಾಳೆ, ಮಗು ಒದ್ದು ಒದ್ದು ಅವಳ ನಿದ್ದೆ ಕೆಡಿಸುತ್ತದೆ. ಉಳಿದರ್ಧ ನಾನು ಬರೆಯುತ್ತೇನೆ, ಎಲ್ಲಾದರೂ ಕೂತು ಓದು.

ಹೋದ ಸೋಮವಾರವಲ್ಲ, ಅದರ ಹಿಂದಿನ ಸೋಮವಾರ, ಅವಳನ್ನು ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದೆ. ನಿಮ್ಮಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರಮ್ಮ ತೆರೆಯ ಮೇಲೆ ಬೆರಳಿಟ್ಟು, ಮಗುವಿನ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಇಲ್ಲೊಂದು ತೂತಿದೆ ಅಂದದ್ದೇ ತಡ, ನಾನು ಮುಂದಿನ ಮಾತು ಕೇಳಲಿಲ್ಲ. ನಲವತ್ತು ವರ್ಷ ತೂತು ಮುಚ್ಚಿ ಅನ್ನ ತಿಂದವನು, ತೂತು ಅಂದರೆ ಸೋರಿಕೆ ಅನ್ನುವುದು ಬಿಟ್ಟರೆ ನನಗೇನು ಗೊತ್ತು? ಹೊರಗೆ ಓಡಿ ಬಂದು "ಅಕ್ಕಾ, ಹೃದಯ ಸೋರ್ತಿದೆ" ಅಂದುಬಿಟ್ಟೆ. ಅವತ್ತಿನಿಂದ ಎಂಟು ದಿನ ನಿಮ್ಮಮ್ಮ ಮೂರು ಹೊತ್ತೂ ಕೈಮುಗಿದು ದೇವರೇ ಆ ತೂತು ಮುಚ್ಚಪ್ಪಾ ಎಂದು ಬೇಡಿದ್ದೇ ಬೇಡಿದ್ದು. ನಿನ್ನ ಹೆಂಡತಿ ಡಾಕ್ಟರಮ್ಮನ ಮಾತು ಪೂರ್ತಿ ಕೇಳಿದ್ದಳು, ಆದರೆ ತುಟಿ ಪಿಟಕ್ಕೆನ್ನಲಿಲ್ಲ.

ಮೊನ್ನೆ ಮಂಗಳವಾರ ಹೃದಯದ ಡಾಕ್ಟರು ಕರೆಸಿದ್ದರು. ನಾನು ಒಳಗೆ ಹೋದವನೇ "ತೂತು ಯಾವಾಗ ಮುಚ್ತೀರಿ?" ಅಂದೆ. "ಯಜಮಾನರೇ, ಮೊದಲು ಕೂತ್ಕೊಳ್ಳಿ" ಎಂದು ಕಾಗದ ಎಳೆದುಕೊಂಡು ಚಿತ್ರ ಬರೆದರು. ಅಳಿಯಾ, ನಾನು ದಂಗಾದೆ. ಬಸಿರು ನಿಂತ ಮೂರನೇ ವಾರದಲ್ಲಿ, ಅಂದರೆ ಹೆತ್ತವಳಿಗೇ ಇನ್ನೂ ಅನುಮಾನ ಬಂದಿರದ ದಿನಗಳಲ್ಲಿ, ಎರಡು ಸಣ್ಣ ಕೊಳವೆಗಳು ಪಕ್ಕಪಕ್ಕ ಬಂದು ಒಂದಾಗುತ್ತವಂತೆ. ಇಪ್ಪತ್ತೆರಡನೇ ದಿನದ ಹೊತ್ತಿಗೆ ಅದು ಮಿಡಿಯಲು ಶುರು. ಕೋಣೆಯಿಲ್ಲ, ಕವಾಟವಿಲ್ಲ, ಆದರೂ ಪಂಪು ಚಾಲೂ! ಜೋಡಿಸಿ ಮುಗಿಯದ ಪಂಪಿಗೆ ನಾನಾದರೆ ಕರೆಂಟು ಕೊಡುವವನಲ್ಲ. ಓಡುತ್ತಾ ಓಡುತ್ತಲೇ ಆ ಕೊಳವೆ ಬಾಗಿ, ಕುಣಿಕೆಯಾಗಿ, ಒಳಗೆ ಗೋಡೆಗಳು ಎದ್ದು, ಎಂಟನೇ ವಾರಕ್ಕೆ ನಾಲ್ಕು ಕೋಣೆ ಸಿದ್ಧ. ಮೇಲಿನ ಗೋಡೆಯಲ್ಲಿ ಮಾತ್ರ ಒಂದು ಕಿಂಡಿ ಉಳಿಯುತ್ತದೆ. ಮಗುವಿನ ಶ್ವಾಸಕೋಶಕ್ಕೆ ಇನ್ನೂ ಕೆಲಸವಿಲ್ಲವಲ್ಲ, ಹೊಕ್ಕುಳಬಳ್ಳಿಯಲ್ಲಿ ಬಂದ ಒಳ್ಳೆಯ ರಕ್ತ ಆ ಕಿಂಡಿಯಲ್ಲೇ ಅಡ್ಡದಾರಿ ಹಿಡಿಯುತ್ತದೆ. ಹುಟ್ಟಿ ಉಸಿರೆಳೆದ ಮೇಲೆ ತಾನಾಗಿಯೇ ಮುಚ್ಚುತ್ತದೆ. ಅದು ಎಲ್ಲ ಮಕ್ಕಳಿಗೂ ಇರುತ್ತದಂತೆ. ಅದನ್ನೇ ತಿರುಗಿ ನಾನೊಂದು ಚಿತ್ರ ಬರೆದು ತೋರಿಸಿದೆ. "ನಮ್ಮ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಬರೆಯಲ್ಲ" ಅಂದರು. ನಾನು ಓದಿದ್ದು ಏಳನೇ ಕ್ಲಾಸು ಅಂತ ಹೇಳಲಿಲ್ಲ.

ತೊಡಕು ಬೇರೆ ಕಡೆ ಇದೆ. ಹೃದಯದಿಂದ ಹೊರಡುವ ಒಂದೇ ದೊಡ್ಡ ಕೊಳವೆ ಎರಡಾಗುವಾಗ, ನಡುವಿನ ಗೋಡೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಇಳಿಯಬೇಕು. ನಮ್ಮ ಮಗುವಿನಲ್ಲಿ ಅದು ನೆಟ್ಟಗೆ ಇಳಿದುಬಿಟ್ಟಿದೆ. ಹಾಗಾಗಿ ಮೈಯಿಂದ ಬಂದ ರಕ್ತ ಮತ್ತೆ ಮೈಗೇ, ಶ್ವಾಸಕೋಶದಿಂದ ಬಂದದ್ದು ಮತ್ತೆ ಶ್ವಾಸಕೋಶಕ್ಕೇ. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಸಂಸಾರ. ಹೊಟ್ಟೆಯೊಳಗೆ ಇರುವ ತನಕ ತಾಯಿ ಸಾಕುತ್ತಾಳೆ. ಹೊರಗೆ ಬಂದ ಮೇಲೆ ಒಳ್ಳೆಯ ರಕ್ತ ಮೈ ಕಡೆಗೆ ಬರಲು ಆ ಕಿಂಡಿಯಂಥ ಅಡ್ಡದಾರಿಗಳೇ ಗತಿ. ಅವು ಮುಚ್ಚಿದರೆ ಮಗು ಉಳಿಯುವುದಿಲ್ಲ. ಔಷಧಿ ಕೊಟ್ಟು, ಬೇಕಾದರೆ ಪುಟ್ಟ ಬಲೂನು ಹಾಯಿಸಿ ಅವನ್ನು ತೆರೆದಿಟ್ಟು, ಒಂದೆರಡು ವಾರದೊಳಗೆ ಎದೆ ತೆರೆದು, ಎರಡೂ ಕೊಳವೆಗಳನ್ನು ಅದಲುಬದಲು ಮಾಡಿ ಹೊಲಿಯುತ್ತಾರಂತೆ. "ಹೆಚ್ಚಿನ ಮಕ್ಕಳು ಬದುಕಿ ಚೆನ್ನಾಗಿ ಓಡಾಡ್ಕೊಂಡಿದಾರೆ" ಅಂದರು. ಎಲ್ಲ ಮಕ್ಕಳೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದು ನಿಮ್ಮಮ್ಮನಿಗೆ "ಅಕ್ಕಾ, ತೂತು ತೆರೆದೇ ಇರ್ಲಿ ಅಂತ ಬೇಡ್ಕೋ" ಅಂದೆ. "ಎಂಟು ದಿನ ನಿನ್ನ ಮಾತು ಕಟ್ಕೊಂಡು ಉಲ್ಟಾ ಬೇಡಿದೀನಲ್ಲೋ, ಮುಟ್ಠಾಳ! ಈಗ ದೇವರ ಹತ್ರ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ಬೈದಳು. ಬೈಯುತ್ತಾ ಬೈಯುತ್ತಾ ಅತ್ತಳು. ಬೆಳಿಗ್ಗೆಯಿಂದ ಅಂಗಡಿ ತೆರೆದಿದ್ದೇನೆ, ಒಂದು ನಟ್ಟೂ ಬಿಚ್ಚಿಲ್ಲ. ಗಿರಾಕಿಗಳು ಬಂದು ನೋಡಿ ಹೋಗುತ್ತಿದ್ದಾರೆ.

ಧೈರ್ಯವಾಗಿರು. ಹೊತ್ತು ಮೀರಿಸದೆ ಉಣ್ಣು. ನಿಮ್ಮಮ್ಮನ ಆಶೀರ್ವಾದ ನಿನ್ನ ತಲೆ ಕಾಯಲಿ, ನನ್ನದೂ ಅದರ ಜೊತೆ ಸೇರಲಿ.

ಇಂತಿ ನಿನ್ನ
ಸೋದರಮಾವ

ಮರೆತಿದ್ದೆ: ಹೆರಿಗೆ ಏಪ್ರಿಲ್ ಎರಡನೇ ವಾರ. ಹುಟ್ಟಿದ ಕೂಡಲೇ ಮಗುವನ್ನು ಬೇರೆ ಮಹಡಿಗೆ ಒಯ್ಯುತ್ತಾರೆ, ಇವಳು ಕೆಳಗೇ ಮಲಗಿರಬೇಕು. ಮಗುವಿನ ಹತ್ತಿರ ನಾನಿರುತ್ತೇನೆ ಅಂದೆ. ತಲೆ ಅಲ್ಲಾಡಿಸಿ "ಬೇಡ ಮಾವ, ಮಗೂಗೆ ಅದರಪ್ಪ ಇದ್ದಿದ್ರೆ..." ಅಂದವಳು ಅಲ್ಲಿಗೇ ನಿಲ್ಲಿಸಿ, ನಿನಗೆ ಬರೆಯಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಆಣೆ ಮುರಿದಿದ್ದೇನೆ. ಇನ್ನೊಂದು ತಪ್ಪೂ ಮಾಡಿದ್ದೇನೆ. ನಿನ್ನ ಕಂಪನಿಗೆ ನಿನ್ನ ಹೆಸರಿನಲ್ಲಿ ರಜೆ ಅರ್ಜಿ ಬರೆದು, ನಿನ್ನ ಸಹಿ ಹಾಕಿ, ಬೆಳಿಗ್ಗೆಯೇ ಅಂಚೆಗೆ ಹಾಕಿಬಿಟ್ಟೆ. ಕೋಳಿ ಕೆದರಿದಂಥ ನಿನ್ನ ಸಹಿ ಹಾಕುವುದು ಕಷ್ಟವೇ? ನಿನಗೆ ಸಿಟ್ಟು ಬರುತ್ತದೆ, ಬರಲಿ. ಎದುರಿಗೆ ನಿಂತು ಬೈಯಬೇಕು, ಕಾಗದದಲ್ಲಿ ಬೈದರೆ ನಾನು ಓದುವುದಿಲ್ಲ. ಮುಂದಿನ ಬಂದರಿನಲ್ಲೇ ಇಳಿದು ಬಾ.