ಸೈನ್ ಮುಂದಿನ ಒಂದು ‘ಅ’

ಮಾನ್ಯ ಯೋಜನಾಧಿಕಾರಿಗಳೇ,

ಹೀಗೆ ಎಲ್ಲರೂ ಓದುವಂತೆ ನಿಮಗೆ ಬರೆಯುತ್ತಿರುವುದಕ್ಕೆ ಮೊದಲೇ ಸಾರಿ. ಕ್ಷಮಿಸಿ ಎನ್ನಬೇಕಿತ್ತು, ಹಾಸ್ಟೆಲಿನ ಬಾಯಿ. ನಿಮ್ಮ ಕಲಾ ಸಂಗ್ರಹ ಯೋಜನೆಯ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗ್‌ನಲ್ಲಿದ್ದಿರಿ. ವಿಷಯ ಇಷ್ಟೇ: ಕಂಪ್ಲಿಯಲ್ಲಿ ತೊಗಲುಗೊಂಬೆ ಆಡಿಸುವ ನಮ್ಮ ಏಳು ಮನೆಗಳ ಗೊಂಬೆ ನಕ್ಷೆಗಳನ್ನು ನಮಗೇ ತಿಳಿಯದಂತೆ ನಿಮ್ಮದಾಗಿಸಿಕೊಂಡಿದ್ದೀರಿ. ಈಗ, ನಾವೇ ಕೊಟ್ಟ ಆನೆಯ ನಕ್ಷೆಯಿಂದ ಗೊಂಬೆ ಮಾಡಿದ್ದಕ್ಕೆ ಸಂಡೂರಿನ ಹಾಲೇಶ್‌ನ ತಂಡಕ್ಕೆ ನೋಟಿಸ್ ಕಳಿಸಿದ್ದೀರಿ.

ನಮ್ಮ ಏಳೂ ಮನೆಗಳ ನಕ್ಷೆಗಳು ಇರುವುದು ಒಂದೇ ಪೆಟ್ಟಿಗೆಯಲ್ಲಿ. ಯಾವ ಊರಿನ ಕಲಾವಿದರು ಕೇಳಿದರೂ ಏಳು ಮನೆಯವರು ಕೂತು ಒಪ್ಪಿ ಕೊಡುತ್ತೇವೆ. ನೆರೆಮನೆಯ ಪಾತ್ರೆಯನ್ನು ಖಾಲಿ ಮರಳಿಸಬಾರದಲ್ಲ, ಹಾಗೆಯೇ ಒಯ್ದವರು ತಮ್ಮದೊಂದು ಹೊಸ ನಕ್ಷೆ ಸೇರಿಸಿ ಮರಳಿಸಬೇಕು. ಹಾಲೇಶ್ ಆನೆಯ ಜೊತೆಗೆ ತಾನು ಬರೆದ ನವಿಲನ್ನು ತಂದುಕೊಟ್ಟ. ಇದರ ನಡುವೆ ನೋಟಿಸಿನಲ್ಲಿ ನೀವು ಕೇಳಿರುವ ‘ಪೂರ್ವಾನುಮತಿ’ ಎಲ್ಲಿಂದ ಬಂತು?

ಬಂದದ್ದು ನನ್ನಿಂದ. ನಕ್ಷೆಗಳ ಫೋಟೊ ತೆಗೆಯಲು ಬಂದ ನಿಮ್ಮ ಸಿಬ್ಬಂದಿ ನಾಲ್ಕು ಪುಟದ ಇಂಗ್ಲಿಷ್ ಫಾರಂ ಚಾಚಿದಾಗ ದೊಡ್ಡಪ್ಪ ಪಂಪಣ್ಣ ನನ್ನ ಕಡೆ ತಿರುಗಿದರು.

“ಗಂಗಾ, ಈ ಅಸೈನ್ ಅಂದ್ರ ಏನವ್ವ?”

“ಸೈನ್ ಮಾಡೋದು, ದೊಡ್ಡಪ್ಪ.”

“ಹಂಗಾರ ಹಾಕ್ರಲೇ, ನಮ್ಮ ಹುಡುಗಿ ಇಂಗ್ಲಿಷ್ ಓದ್ಯಾಳ!”

ನಿಮ್ಮ ಸಿಬ್ಬಂದಿ ಪಕ್ಕದಲ್ಲೇ ಕೂತು ನಮ್ಮ ಚಹಾ ಕುಡಿಯುತ್ತಿದ್ದರು. ಅಲ್ಲ ಎನ್ನಲಿಲ್ಲ. “ಜಲ್ದಿ ಮುಗಸ್ರಿ, ಕನ್ನಡದ್ದು ಆಮ್ಯಾಲೆ ಬರ್ತೈತಿ” ಎಂದರು. ಏಳೂ ಮನೆಯವರು ಸೈನ್ ಹಾಕಿದರು. ಆ ‘ಆಮ್ಯಾಲೆ’ ಎಂಟು ತಿಂಗಳಾದರೂ ಬಂದಿಲ್ಲ. ನೋಟಿಸ್ ಮಾತ್ರ ಅಚ್ಚ ಕನ್ನಡದಲ್ಲಿ ಬಂತು. ಎಂಥ ಭಾಷಾಭಿಮಾನ!

ಅಸೈನ್ ಎಂದರೆ ಹಕ್ಕನ್ನೇ ಬರೆದುಕೊಡುವುದಂತೆ. ನೋಟಿಸ್ ಬಂದ ಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಡಿಕ್ಷನರಿ ತೆಗೆದೆ. ನ್ಯಾಯದ ಮುಂದೆ ‘ಅ’ ಬಂದರೆ ಅನ್ಯಾಯ ಎಂದು ನಾಲ್ಕನೇ ಕ್ಲಾಸಿನಲ್ಲೇ ಕಲಿತವಳಿಗೆ, ಸೈನ್ ಮುಂದೆ ಕೂತ ‘ಅ’ ನೋಡಿ ಯಾಕೆ ಅನುಮಾನ ಬರಲಿಲ್ಲ? ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಒಬ್ಬಳ ಅರೆಬರೆ ಇಂಗ್ಲಿಷಿನ ಸಂದಿಯಲ್ಲಿ ಏಳು ಮನೆಗಳ ಕೆಲಸವನ್ನು ಎಳೆದುಕೊಳ್ಳುವುದಕ್ಕೆ ‘ಸಂರಕ್ಷಣೆ’ ಎಂದು ಹೆಸರಿಟ್ಟವರು ಯಾರು?

ಮನೆಯಲ್ಲಿ ಯಾರೂ ಬೈದಿಲ್ಲ. ಅದೇ ಕಷ್ಟ. ಅಜ್ಜಿ ಹೊನ್ನೂರಮ್ಮ, “ಆನಿ ಮಾಡಿದ್ದು ನಾವು, ಅಂಕುಶ ಸಾಹೇಬ್ರ ಕೈಯಾಗ! ಲದ್ದಿ ಬಳ್ಯಾಕರ ಬರ್ತಾರಂತೇನು, ಕೇಳು” ಎಂದು ನಕ್ಕಳು. ಆಮೇಲೆ ತನ್ನ ಔಷಧಿ ಚೀಟಿ ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋದಳು. ನಾನು ಅಲ್ಲೇ ಕೂತಿದ್ದೆ.

ಆ ಫಾರಂ ರದ್ದು ಮಾಡಿ. ಹಾಲೇಶ್‌ಗೆ ಕೊಟ್ಟ ನೋಟಿಸ್ ಹಿಂಪಡೆಯಿರಿ. ನಕ್ಷೆ ನಿಮಗೂ ಬೇಕಿದ್ದರೆ ಎಲ್ಲರಂತೆ ಬಂದು ಏಳು ಮನೆಯವರನ್ನು ಕೇಳಿ, ಕನ್ನಡದಲ್ಲಿ. ಕೊಡುತ್ತೇವೆ, ಖಾಲಿ ಮರಳಿಸಬೇಡಿ, ಅಷ್ಟೇ.

ಭಾನುವಾರ ಸಂಡೂರಿನಲ್ಲಿ ಹಾಲೇಶ್‌ನ ತಂಡದ ಆಟವಿದೆ. ಆನೆಯ ಗೊಂಬೆ ಇನ್ನೂ ಅವನ ಪೆಟ್ಟಿಗೆಯಲ್ಲಿದೆ, ತೆಗೆಯಲೋ ಬೇಡವೋ ಎಂದು ದಿನಾ ಫೋನ್ ಮಾಡುತ್ತಿದ್ದಾನೆ. ದಯವಿಟ್ಟು ಶನಿವಾರದೊಳಗೆ ಉತ್ತರ ಕೊಡಿ.

ಇಂತಿ,
ಈ ಸಲ ಪೂರ್ತಿ ಓದಿಯೇ ಸೈನ್ ಮಾಡಿದ
ಗಂಗೋತ್ರಿ
ಬಿ.ಎ. ಮೊದಲ ವರ್ಷ, ಹೊಸಪೇಟೆ